ಉತ್ತರಕ್ಕೆ ಒಂದು ಅಂಕ, ಕಾರಣಕ್ಕೆ ಎರಡು

ಶಾಲಾ ಸಂಚಿಕೆಗೆ ಏನಾದರೂ ಬರೆದು ಕೊಡಿ ಎಂದು ಮುಖ್ಯೋಪಾಧ್ಯಾಯರು ಕೇಳಿದಾಗ ಏನು ಬರೆಯಬೇಕೆಂದು ಯೋಚಿಸಬೇಕಾಗಿ ಬರಲಿಲ್ಲ. ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಮತ್ತು ಅವರ ಸಾಮಾನ್ಯ ಜ್ಞಾನದ ಪ್ರಶ್ನೆಗಳ ಬಗ್ಗೆಯೇ ಬರೆಯಬೇಕು.

ತೀರ್ಥಹಳ್ಳಿ ತಾಲ್ಲೂಕಿನ ಈ ಶಾಲೆಯಲ್ಲಿ ನಾನು ಹೈಸ್ಕೂಲು ಓದಿದ್ದು 2005ರಿಂದ 2008ರವರೆಗೆ. ಬೆಳಗಿನ ಪ್ರಾರ್ಥನೆಯಲ್ಲಿ ನಾಡಗೀತೆ, ಪತ್ರಿಕೆಯ ಮುಖ್ಯ ಸುದ್ದಿ, ಒಂದು ಗಾದೆ, ಕೊನೆಗೆ ಸಾಮಾನ್ಯ ಜ್ಞಾನ. ಅದು ಎಲ್ಲ ಶಾಲೆಯಲ್ಲೂ ಇರುತ್ತೆ. ನಮ್ಮ ಮೇಷ್ಟ್ರ ಲೆಕ್ಕ ಮಾತ್ರ ಬೇರೆ. ಉತ್ತರ ಸರಿ ಹೇಳಿದರೆ ಒಂದು ಅಂಕ. "ಉತ್ತರ ಸರಿ ಮಾರಾಯ, ಯಾಕೆ ಅಂತ ಹೇಳು" ಎಂದು ಕೇಳಿ, ಅದನ್ನೂ ಹೇಳಿದರೆ ಇನ್ನೆರಡು.

ಬಾಯಿಪಾಠ ಮಾಡಬೇಡಿ ಎಂದು ಅವರು ಯಾವತ್ತೂ ಹೇಳಲಿಲ್ಲ. ರಾಜಧಾನಿ, ಇಸವಿ, ಪ್ರಶಸ್ತಿ ಎಲ್ಲ ನಾಲಿಗೆ ತುದಿಯಲ್ಲೇ ಇರಬೇಕು. ನನಗೂ ಅದು ಸರಿ ಅನ್ನಿಸುತ್ತೆ. ಏನೂ ಗೊತ್ತಿಲ್ಲದವನಿಗೆ 'ಯಾಕೆ' ಎಂದು ಕೇಳಬೇಕು ಅಂತಾದರೂ ಹೇಗೆ ಹೊಳೆಯಬೇಕು?

ಒಂದು ದಿನದ ಪ್ರಶ್ನೆ: ತುಂಗಾ ನದಿ ಯಾವ ಸಮುದ್ರ ಸೇರುತ್ತದೆ? ಎಲ್ಲರಿಗೂ ಗೊತ್ತಿತ್ತು. ಗಂಗಾಮೂಲದಲ್ಲಿ ಹುಟ್ಟಿ, ಕೂಡಲಿಯಲ್ಲಿ ಭದ್ರೆಯ ಜೊತೆ ಸೇರಿ ತುಂಗಭದ್ರೆಯಾಗಿ, ಮುಂದೆ ಕೃಷ್ಣೆಗೆ ಸೇರಿ ಬಂಗಾಳ ಕೊಲ್ಲಿಗೆ. ಆಗ ಮೇಷ್ಟ್ರು ಎರಡನೇ ಪ್ರಶ್ನೆ ಕೇಳಿದರು. ಆಗುಂಬೆ ನಮ್ಮ ತಾಲ್ಲೂಕಿನಲ್ಲೇ ಇದೆ. ಅಲ್ಲಿ ನಿಂತರೆ ಅರಬ್ಬೀ ಸಮುದ್ರದ ಕಡೆ ಸೂರ್ಯ ಮುಳುಗುವುದು ಕಾಣುತ್ತೆ. ಇಷ್ಟು ಹತ್ತಿರದ ಸಮುದ್ರ ಬಿಟ್ಟು ತುಂಗೆ ಇಡೀ ದಕ್ಷಿಣ ಭಾರತ ದಾಟಿ ಆ ಕಡೆ ಯಾಕೆ ಹೋಗಬೇಕು? ನಮ್ಮ ತಾಲ್ಲೂಕಿನದೇ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಮಾತ್ರ ಜೋಗದಲ್ಲಿ ಧುಮುಕಿ ಹೊನ್ನಾವರದ ಹತ್ತಿರ ಅರಬ್ಬೀ ಸಮುದ್ರ ಸೇರುತ್ತೆ, ಅದು ಹೇಗೆ?

ಯಾರೂ ಬಾಯಿ ಬಿಡಲಿಲ್ಲ. ಮೇಷ್ಟ್ರು ಒಂದು ರಟ್ಟು ತಂದು, ಅದರ ಪಶ್ಚಿಮದ ಅಂಚನ್ನು ಎತ್ತಿ ಹಿಡಿದು, ಲೋಟದಿಂದ ನೀರು ಹಾಕಿದರು. ಅಂಚಿನಿಂದ ಒಂದು ಬೆರಳು ಈಚೆ ಬಿದ್ದ ನೀರು ನಿಧಾನವಾಗಿ ಪೂರ್ವಕ್ಕೆ ಹರಿಯಿತು. ಅಂಚಿನಿಂದ ಆಚೆ ಬಿದ್ದದ್ದು ಸೀದಾ ಕೆಳಗೆ. ಘಟ್ಟ ಪಶ್ಚಿಮಕ್ಕೆ ಕಡಿದಾಗಿ ಇಳಿಯುತ್ತೆ. ಪೂರ್ವಕ್ಕೆ ಪ್ರಸ್ಥಭೂಮಿ ನಿಧಾನಕ್ಕೆ ವಾಲುತ್ತೆ. ಸಮುದ್ರ ಎಷ್ಟು ಹತ್ತಿರ ಎನ್ನುವುದು ನದಿಗೆ ಬೇಕಾಗಿಲ್ಲ, ಇಳಿಜಾರು ಯಾವ ಕಡೆ ಎನ್ನುವುದಷ್ಟೇ ಬೇಕು. ಶರಾವತಿಗೆ 253 ಮೀಟರ್ ಎತ್ತರದಿಂದ ಬೀಳುವ ಜಲಪಾತ ಸಿಕ್ಕಿದ್ದೂ, ಅದರಿಂದ ನಾಡಿಗೆ ಕರೆಂಟ್ ಸಿಕ್ಕಿದ್ದೂ ಇದೇ ಕಡಿದಾದ ಇಳಿಜಾರಿನಿಂದ. ಆಗುಂಬೆಯಲ್ಲಿ ಆ ಪರಿ ಮಳೆ ಸುರಿಯುವುದೂ, ಸಮುದ್ರದಿಂದ ಬಂದ ಮೋಡ ಇದೇ ಘಟ್ಟಕ್ಕೆ ತಾಗಿ ಮೇಲೇರಿ ತಣಿಯುವುದರಿಂದ. ಆಚೆ ಚಿತ್ರದುರ್ಗದ ಕಡೆ ಮಳೆ ಕಡಿಮೆಯಾಗುವುದಕ್ಕೂ ಅದೇ ಕಾರಣ. ಬೇರೆ ಬೇರೆ ಪುಟದಲ್ಲಿ ಬರೆದುಕೊಂಡಿದ್ದ ಉತ್ತರಗಳೆಲ್ಲ ಒಂದೇ ಘಟ್ಟಕ್ಕೆ ಬಂದು ಕೂಡಿಕೊಂಡವು.

ಇನ್ನೊಂದು ಧ್ವಜಸ್ತಂಭದ ಪಾಠ. ಭಾರತದ ಕಾಲಮಾನ ಯಾವ ರೇಖಾಂಶದ ಮೇಲೆ ನಿಂತಿದೆ? 82.5 ಡಿಗ್ರಿ ಪೂರ್ವ, ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತೆ. ಒಂದು ಅಂಕ ಬಂತು. "ಹಾಗಾದ್ರೆ ನಮ್ಮೂರಲ್ಲಿ ನಿಜವಾದ ಮಧ್ಯಾಹ್ನ ಎಷ್ಟು ಗಂಟೆಗೆ?" ಹನ್ನೆರಡಕ್ಕೆ ಎಂದು ಇಡೀ ತರಗತಿ ಕೂಗಿತು. ಅದು ಡಿಸೆಂಬರ್, ಆಕಾಶ ಶುಭ್ರ. ಮೇಷ್ಟ್ರು ನಮ್ಮನ್ನು ಮೈದಾನಕ್ಕೆ ಕರೆದುಕೊಂಡು ಹೋದರು. ಸ್ತಂಭದ ನೆರಳಿನ ತುದಿ ಇದ್ದಲ್ಲಿ ಆಗಾಗ ಒಂದು ಬೆಣಚುಕಲ್ಲು ಇಡುತ್ತಾ ಹೋದೆವು. ಗಡಿಯಾರ ಹನ್ನೆರಡು ತೋರಿಸಿತು. ನೆರಳು ಇನ್ನೂ ಗಿಡ್ಡವಾಗುತ್ತಲೇ ಇತ್ತು. ಊಟದ ಬೆಲ್ ಹೊಡೆದರೂ ಯಾರೂ ಕದಲಲಿಲ್ಲ. ಹನ್ನೆರಡೂವರೆ ಹೊತ್ತಿಗೆ ನೆರಳು ಗಿಡ್ಡವಾಗುವುದು ನಿಂತು, ಆಮೇಲೆ ಕಲ್ಲುಗಳು ಮತ್ತೆ ದೂರ ಸರಿಯತೊಡಗಿದವು.

ತೀರ್ಥಹಳ್ಳಿ ಇರುವುದು ಸುಮಾರು 75.25 ಡಿಗ್ರಿಯಲ್ಲಿ. ವ್ಯತ್ಯಾಸ ಏಳೂಕಾಲು ಡಿಗ್ರಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಗುಣಿಸಿದರೆ 29 ನಿಮಿಷ! ವರ್ಷದ ಬೇರೆ ತಿಂಗಳಲ್ಲಿ ನೋಡಿದರೆ ಇದು ಕೆಲವು ನಿಮಿಷ ಹಿಂದೆ ಮುಂದೆ ಆಗುತ್ತೆ, ಅದಕ್ಕೂ ಕಾರಣ ಇದೆ, ಅದನ್ನು ಪಿಯುಸಿಗೆ ಇಟ್ಟುಕೊಳ್ಳಿ ಎಂದು ನಕ್ಕರು. ಪುಸ್ತಕದ ಒಂದು ಸಂಖ್ಯೆ ನಮ್ಮ ಮೈದಾನದ ಮಣ್ಣಿನ ಮೇಲೆ ಕಾಣಿಸಿದ್ದು ನಮಗೆ ಅದೇ ಮೊದಲು.

2006 ವಿಶೇಷವಾದ ವರ್ಷ. ಆಗಸ್ಟ್‌ನಲ್ಲಿ ಪ್ರಾಗ್‌ನಲ್ಲಿ ಸೇರಿದ್ದ ಖಗೋಳ ವಿಜ್ಞಾನಿಗಳು ಪ್ಲೂಟೋವನ್ನು ಗ್ರಹಗಳ ಪಟ್ಟಿಯಿಂದ ತೆಗೆದರು. 1930ರಲ್ಲಿ ಸಿಕ್ಕಿದ್ದ ಗ್ರಹ, ನಮ್ಮ ಅಪ್ಪಂದಿರೂ ಒಂಬತ್ತು ಎಂದೇ ಓದಿದ್ದರು. ಮಾರನೇ ವಾರದ ಪ್ರಶ್ನೆಯಲ್ಲಿ ಮೇಷ್ಟ್ರು ಒಂಬತ್ತು ಎಂದವರಿಗೂ ಎಂಟು ಎಂದವರಿಗೂ ಅಂಕ ಕೊಡಲಿಲ್ಲ. ಗ್ರಹ ಸೂರ್ಯನ ಸುತ್ತ ಸುತ್ತಬೇಕು, ತನ್ನ ತೂಕಕ್ಕೆ ತಾನೇ ಉಂಡೆಯಾಗಿರಬೇಕು, ತನ್ನ ದಾರಿಯಲ್ಲಿ ಬೇರೆ ಕಾಯಗಳನ್ನು ಉಳಿಸಿರಬಾರದು. ಪ್ಲೂಟೋ ಮೂರನೆಯದರಲ್ಲಿ ಸೋತಿತು. ಇಷ್ಟನ್ನೂ ಹೇಳಿದವಳಿಗೆ ಮೂರೂ ಅಂಕ. ಅವಳು ಈಗ ಭೌತಶಾಸ್ತ್ರದ ಉಪನ್ಯಾಸಕಿ.

ಅದೇ ವರ್ಷ ಸುವರ್ಣ ಕರ್ನಾಟಕ. ಹೋದಲ್ಲೆಲ್ಲ ನಾಡಿನ ಬಗ್ಗೆಯೇ ರಸಪ್ರಶ್ನೆ. 1956ರ ನವೆಂಬರ್ 1ರಂದು ಉದಯವಾದ ರಾಜ್ಯದ ಹೆಸರೇನು? ಪ್ರತಿಭಾ ಕಾರಂಜಿಯಲ್ಲಿ ಎಷ್ಟೋ ತಂಡಗಳು ಕರ್ನಾಟಕ ಎಂದವು. ಅದು ಮೈಸೂರು ರಾಜ್ಯ. ಕರ್ನಾಟಕ ಎಂದಾಗಿದ್ದು 1973ರಲ್ಲಿ, ದೇವರಾಜ ಅರಸು ಕಾಲದಲ್ಲಿ. ನಾವು ಹಳೇ ಮೈಸೂರಿನವರು, ಆ ಹೆಸರಲ್ಲಿ ನಮಗೇನೂ ತೊಡಕು ಕಾಣುತ್ತಿರಲಿಲ್ಲ. ಬೊಂಬಾಯಿ ಪ್ರಾಂತ್ಯದಲ್ಲಿದ್ದ ಧಾರವಾಡದವರಿಗೆ, ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಲಬುರಗಿಯವರಿಗೆ ಅದು ಹೇಗೆ ಕೇಳಿಸಿರಬಹುದು ಎಂದು ಮೇಷ್ಟ್ರು ಕೇಳಿದ ಮೇಲೆ ಆ ಇಸವಿಗಳು ಮತ್ತೆ ಮರೆಯಲಿಲ್ಲ.

ಈಗ ಫೋನಿಗೆ ಕೇಳಿದರೆ ಉತ್ತರ ಥಟ್ ಅಂತ ಸಿಗುತ್ತೆ, ಒಳ್ಳೆಯದೇ. ನಮ್ಮ ಕಾಲಕ್ಕೆ ಕನ್ನಡಕ್ಕೆ ಜ್ಞಾನಪೀಠ ಏಳು, ಈಗ ಎಂಟು. ಎವರೆಸ್ಟ್ ಆಗ 8848 ಮೀಟರ್, 2020ರಿಂದ 8848.86. ಇಂಥವು ಬದಲಾಗುತ್ತಲೇ ಇರುತ್ತವೆ. ಇವನ್ನು ಫೋನು ನೋಡಿಕೊಳ್ಳಲಿ. ಎರಡು ಅಂಕದ ಪ್ರಶ್ನೆ ಕೇಳುವವರು ಮಾತ್ರ ಶಾಲೆಯಲ್ಲಿ ಇರಲೇಬೇಕು.

ಮೇಷ್ಟ್ರು ನಿವೃತ್ತರಾಗಿ ತೋಟ ನೋಡಿಕೊಂಡಿದ್ದಾರೆ. ಈ ವರ್ಷದಿಂದ ಶಾಲೆಯ ರಸಪ್ರಶ್ನೆಗೆ ನಮ್ಮ ಬ್ಯಾಚಿನವರು ಪುಸ್ತಕದ ಬಹುಮಾನ ಕೊಡುತ್ತೇವೆ. ಅಂಕದ ಲೆಕ್ಕ ಅವರದೇ. ಮೊದಲ ಪ್ರಶ್ನೆಯನ್ನು ಅವರೇ ಬರೆದು ಕಳಿಸಿದ್ದಾರೆ: 1917ರ ರಷ್ಯಾದ ಅಕ್ಟೋಬರ್ ಕ್ರಾಂತಿ ನಡೆದ ದಿನ ನಮ್ಮ ಕ್ಯಾಲೆಂಡರಿನಲ್ಲಿ ನವೆಂಬರ್ 7. ಹಾಗೇ 1900 ಅಧಿಕ ವರ್ಷ ಅಲ್ಲ, 2000 ಹೌದು. ಎರಡಕ್ಕೂ ಕಾರಣ ಒಂದೇ, ಅದೇನು? ಗುಂಪಾಗಿ ಕೂತು ಯೋಚಿಸಬಹುದು. ಉತ್ತರವನ್ನು ಕಚೇರಿಯ ಪಕ್ಕದ ಪೆಟ್ಟಿಗೆಗೆ ಹಾಕಿ.