ವಾಲ್ಯೂಮಿನ ಮೊದಲ ಗೆರೆ: ಮನೆಗೆ ಗಿಟಾರ್ ಆಂಪ್ ಆಯುವ ಬಗ್ಗೆ

ಬದಿಯಡ್ಕ
26 ಅಕ್ಟೋಬರ್ 2025, ಭಾನುವಾರ

ಮಧ್ಯಾಹ್ನ ಮೂರಾಗುವಾಗ ಪೂರ್ವದಲ್ಲಿ ಮೋಡ ಕಟ್ಟಿತು, ನಾಲ್ಕಕ್ಕೆ ಗುಡುಗು ಶುರು. ತುಲಾ ತಿಂಗಳ ಮಳೆಯ ಕ್ರಮವೇ ಇದು. ಇಂಥ ಹೊತ್ತಿನಲ್ಲಿ ಗಿಟಾರ್ ಆಂಪಿನ (ಎಲೆಕ್ಟ್ರಿಕ್ ಗಿಟಾರಿನ ಸದ್ದು ಜೋರು ಮಾಡುವ ಆಂಪ್ಲಿಫೈಯರ್ ಪೆಟ್ಟಿಗೆ) ಸ್ವಿಚ್ ಆಫ್ ಮಾಡಿದರೆ ಸಾಲದು. ಗೋಡೆಯ ಸ್ವಿಚ್ ಕಡಿಯುವುದು ಫೇಸ್ ತಂತಿಯನ್ನು ಮಾತ್ರ. ನ್ಯೂಟ್ರಲ್, ಅರ್ತ್ ಎರಡೂ ಹಾಗೇ ಸೇರಿಕೊಂಡಿರುತ್ತವೆ, ಸಿಡಿಲಿನ ಹೊಡೆತ ಆ ದಾರಿಯಲ್ಲೂ ಒಳಗೆ ಬರುತ್ತದೆ. ಪ್ಲಗ್ಗನ್ನೇ ಎಳೆದು ಹೊರಗಿಡಬೇಕು. ಆಂಪಿನಿಂದ ಕಂಪ್ಯೂಟರಿಗೆ ಯುಎಸ್‌ಬಿ ಕೇಬಲ್ ಹೋಗಿದ್ದರೆ ಅದನ್ನೂ ಕಳಚಬೇಕು, ಯಾಕೆಂದರೆ ಕಂಪ್ಯೂಟರಿನ ಚಾರ್ಜರ್ ಇನ್ನೊಂದು ಪ್ಲಗ್ಗಿನಲ್ಲಿ ಕೂತಿರುತ್ತದೆ.

ದೀಪಾವಳಿಯ ಆಫರಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ಕೊಂಡವರ ಮುಂದಿನ ಪ್ರಶ್ನೆ ಪ್ರತಿ ವರ್ಷ ಒಂದೇ: ಎಷ್ಟು ವಾಟಿನ ಆಂಪ್ ಬೇಕು? ಇವತ್ತು ಅದನ್ನೇ ಬರೆದಿಡುತ್ತೇನೆ. ಹತ್ತು ವಾಟಿಗಿಂತ ಇಪ್ಪತ್ತು ವಾಟ್ ಎರಡು ಪಟ್ಟು ಜೋರು ಎಂಬ ಲೆಕ್ಕ ಹಲವರ ತಲೆಯಲ್ಲಿ ಉಂಟು. ವಾಟ್ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಅದು ‘ಸ್ವಲ್ಪ ಜಾಸ್ತಿಯಾಯಿತು’ ಅನ್ನಿಸುವಷ್ಟು. ನಿಜಕ್ಕೂ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ಬೇಕಾದ್ದು ಹತ್ತು ಪಟ್ಟು ವಾಟ್.

ಮನೆಗೆ ಎಷ್ಟು ಬೇಕು ಎಂದು ಒಂದು ಲೆಕ್ಕ ಹಾಕಿ ನೋಡೋಣ. ಗಿಟಾರ್ ಸ್ಪೀಕರಿಗೆ 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಎಷ್ಟು ಸದ್ದು ಎಂಬುದನ್ನು ತಯಾರಕರು ಬರೆದಿರುತ್ತಾರೆ. ಸೆಲೆಶನ್ ಕಂಪನಿಯ ಗ್ರೀನ್‌ಬ್ಯಾಕ್ ಸ್ಪೀಕರಿಗೆ ಅದು 98 ಡೆಸಿಬೆಲ್, ಅವರದೇ ವಿಂಟೇಜ್ 30ಕ್ಕೆ 100. ಎದುರು ಬದುರು ಕೂತು ಮಾತಾಡುವ ಸದ್ದು 60ರ ಆಸುಪಾಸು. ಕೋಣೆಯಲ್ಲಿ ಗಿಟಾರ್ 78 ಡೆಸಿಬೆಲ್ ಕೇಳಿಸಿದರೆ ಧಾರಾಳವಾಯಿತು. 98ರಿಂದ 78ಕ್ಕೆ ಇಳಿಯುವುದೆಂದರೆ 20 ಡೆಸಿಬೆಲ್, ಅಂದರೆ ವಾಟಿನಲ್ಲಿ ನೂರನೇ ಒಂದು ಪಾಲು. ಆ ಸ್ಪೀಕರಿಗೆ ಮನೆಯಲ್ಲಿ ಬೇಕಾದದ್ದು 0.01 ವಾಟ್! ಹಾಗಾಗಿ ಮನೆಯ ಆಂಪಿನ ಯೋಗ್ಯತೆ ತೀರ್ಮಾನವಾಗುವುದು ವಾಲ್ಯೂಮ್ ನಾಬಿನ ಮೊದಲ ಗೆರೆಯಲ್ಲಿ. ಅಂಗಡಿಯಲ್ಲಿ ಐದರ ಮೇಲೆ ಇಟ್ಟು ಬಾರಿಸಿ ತೋರಿಸುವ ಸದ್ದು ಮನೆಯಲ್ಲಿ ಒಂದು ದಿನವೂ ಕೇಳಲು ಸಿಗುವುದಿಲ್ಲ.

ಅಗ್ಗದ ಆಂಪುಗಳ ದೋಷ ಬಯಲಾಗುವುದೂ ಆ ಮೊದಲ ಗೆರೆಯಲ್ಲೇ. ನಾಬನ್ನು ಸೊನ್ನೆಯಿಂದ ಕೂದಲೆಳೆಯಷ್ಟು ತಿರುಗಿಸುವಾಗ ಸದ್ದೇ ಇಲ್ಲ, ಇನ್ನೊಂದು ಎಳೆ ತಿರುಗಿಸಿದರೆ ಪಕ್ಕದ ಕೋಣೆಯವರು ಎದ್ದು ಬರುತ್ತಾರೆ, ನಡುವೆ ಏನೂ ಇಲ್ಲ. ಕೊಳ್ಳುವ ಮೊದಲು ಗೇನ್ (ಒಳಗೆ ಬರುವ ಸದ್ದನ್ನು ಹಿಗ್ಗಿಸುವ ನಾಬ್) ಗಡಿಯಾರದ ಒಂಬತ್ತರ ಜಾಗಕ್ಕೆ, ತಗ್ಗು, ನಡು, ಎತ್ತರದ ಸ್ವರಗಳ ಬಾಸ್, ಮಿಡ್, ಟ್ರೆಬಲ್ ಮೂರನ್ನೂ ಹನ್ನೆರಡಕ್ಕೆ ಇಟ್ಟು, ಒಟ್ಟು ವಾಲ್ಯೂಮಿನ ಮಾಸ್ಟರ್ ನಾಬನ್ನು ಸೊನ್ನೆಯಿಂದ ನಿಧಾನ ಏರಿಸಬೇಕು. ಪಕ್ಕದಲ್ಲಿ ನಿಂತವರ ಜೊತೆ ದನಿ ಏರಿಸದೆ ಮಾತಾಡಲು ಆಗುವ ಮಟ್ಟದಲ್ಲಿ ನಿಲ್ಲಿಸಿ. ಅಲ್ಲಿ ದಪ್ಪ ತಂತಿಯ ಸ್ವರಕ್ಕೆ ಮೈ ಉಂಟೇ, ಬಾರಿಸುವುದು ನಿಲ್ಲಿಸಿದಾಗ ‘ಸ್’ ಎಂಬ ಸದ್ದು ಎಷ್ಟು ಎಂದು ನೋಡಿಕೊಳ್ಳಿ. ಕಡಿಮೆ ಸದ್ದಿನಲ್ಲಿ ನಮ್ಮ ಕಿವಿಗೆ ತಗ್ಗಿನ ಸ್ವರಗಳು ಮೊದಲು ಮಾಯವಾಗುತ್ತವೆ, ಎತ್ತರದವು ಸ್ವಲ್ಪ ಮಟ್ಟಿಗೆ. ಮನೆಯಲ್ಲಿ ಬಾಸ್ ಒಂದು ಹಿಡಿ ಹೆಚ್ಚು ಬೇಕಾಗುವುದು ಅದಕ್ಕೆ. ಅದೇ ಸೆಟ್ಟಿಂಗನ್ನು ವೇದಿಕೆಗೆ ಒಯ್ದರೆ ಎಲ್ಲ ಗುಂಯ್‌ಗುಡುತ್ತದೆ.

ಸ್ಪೀಕರಿನ ಅಳತೆಯನ್ನು ವಾಟಿಗಿಂತ ಹೆಚ್ಚು ಗಮನಿಸಬೇಕು. ಬ್ಲ್ಯಾಕ್‌ಸ್ಟಾರ್ ಫ್ಲೈ 3ರದ್ದು 3 ಇಂಚು, ಬಾಸ್ (Boss) ಕಂಪನಿಯ ಕಟಾನಾ ಮಿನಿಯದ್ದು 4 ಇಂಚು, ಎರಡೂ ಆರು ಎಎ ಸೆಲ್ಲಿನಲ್ಲಿ ಓಡುತ್ತವೆ. ಕರೆಂಟ್ ಹೋದಾಗ, ಜಗಲಿಯಲ್ಲಿ ಕೂತಾಗ ಇವುಗಳಷ್ಟು ಉಪಕಾರಿ ಬೇರೆ ಇಲ್ಲ. ಫೆಂಡರ್ ಫ್ರಂಟ್‌ಮನ್ 10ಜಿಯದ್ದು 6 ಇಂಚು, ಆರೆಂಜ್ ಕ್ರಶ್ 20ರದ್ದು 8 ಇಂಚು. ಎಂಟು ಇಂಚಿನಿಂದ ಮೇಲಕ್ಕೆ ಆರನೇ ತಂತಿಯ ಸದ್ದು ಎದೆಗೆ ತಾಗಲು ಶುರುವಾಗುತ್ತದೆ. ಯಮಹಾದ ಟಿಎಚ್‌ಆರ್ ಸಾಲಿನದ್ದು ಬೇರೆಯೇ ದಾರಿ: 8ರಿಂದ 9 ಸೆಂಟಿಮೀಟರಿನ ಎರಡು ಸ್ಪೀಕರು, ಒಳಗೆ ದೊಡ್ಡ ಆಂಪುಗಳ ನಡತೆಯನ್ನು ಅನುಕರಿಸುವ ಡಿಜಿಟಲ್ ಸರ್ಕ್ಯೂಟ್. ಮೇಜಿನ ಮೇಲಿಟ್ಟು ಕಡಿಮೆ ಸದ್ದಿನಲ್ಲಿ ಬಾರಿಸಲೆಂದೇ ಮಾಡಿದ್ದು. ಮನೆ ಬಿಟ್ಟು ಹೊರಗೆ ಬಾರಿಸುವ ಆಲೋಚನೆ ಇಲ್ಲದವರಿಗೆ ನನ್ನ ಮೊದಲ ಆಯ್ಕೆ ಅದು. ಶಾಲಾ ವಾರ್ಷಿಕೋತ್ಸವಕ್ಕೋ ಮದುವೆ ಮನೆಗೋ ಒಯ್ಯುವ ಯೋಚನೆ ಇದ್ದರೆ ಕಟಾನಾ 50: 12 ಇಂಚಿನ ಸ್ಪೀಕರು, 0.5, 25, 50 ವಾಟ್ ಎಂದು ಆಯ್ದುಕೊಳ್ಳುವ ಸ್ವಿಚ್. ಅರ್ಧ ವಾಟಿಗೆ ಇಳಿಸಿದರೆ ಮಾಸ್ಟರ್ ನಾಬ್ ತಿರುಗಿಸಲು ಜಾಗ ಸಿಗುತ್ತದೆ. ಆ ಸ್ವಿಚ್ಚಿಗೆ ಕೊಡುವ ದುಡ್ಡು ದಂಡವಲ್ಲ.

ವಾಲ್ವ್ ಆಂಪಿನ (ಹಳೆ ರೇಡಿಯೋದಂತೆ ಗಾಜಿನ ವಾಲ್ವುಗಳಿಂದ ಓಡುವುದು) ಆಸೆ ಇರುವವರಿಗೆ ಒಂದು ಮಾತು. ಫೆಂಡರ್ ಬ್ಲೂಸ್ ಜೂನಿಯರ್ ಬರೇ 15 ವಾಟ್, ಆದರೆ ಅದರ ನಿಜವಾದ ಸ್ವರ ಬರುವ ಹೊತ್ತಿಗೆ ಕಾಂಕ್ರೀಟ್ ಮನೆಯ ಕಿಟಕಿ ಗಾಜು ಅದುರುತ್ತದೆ. ಸ್ಪೀಕರ್ ಕೇಬಲ್ ಕಳಚಿಟ್ಟು ವಾಲ್ವ್ ಆಂಪ್ ಆನ್ ಮಾಡಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗಬಹುದು. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಮೇಲೆ ಉಳಿದಿರಬಹುದು, ಹಾಗಾಗಿ ಕುತೂಹಲಕ್ಕೆ ಬಿಚ್ಚುವ ವಸ್ತು ಅಲ್ಲ. ಇನ್ನು ನಮ್ಮ ಕಡೆ ಡಿಸೆಂಬರಿನಿಂದ ಮೇ ತನಕ ಅಡಿಕೆ ತೋಟಗಳ ಪಂಪುಗಳೆಲ್ಲ ಒಟ್ಟಿಗೆ ಓಡುವಾಗ ವೋಲ್ಟೇಜ್ 230ರಿಂದ ಎಷ್ಟೋ ಕೆಳಗೆ ಇಳಿಯುತ್ತದೆ. ಟ್ರಾನ್ಸ್‌ಫಾರ್ಮರ್ ಇರುವ ಆಂಪ್ ಆಗ ಸೊರಗುತ್ತದೆ, ವಾಲ್ವಿನ ಹೀಟರ್ ಸರಿಯಾಗಿ ಕಾಯುವುದಿಲ್ಲ. 100ರಿಂದ 240 ವೋಲ್ಟ್ ಎಂದು ಬರೆದ ಅಡಾಪ್ಟರಿನಲ್ಲಿ ಓಡುವ ಸಣ್ಣ ಆಂಪುಗಳಿಗೆ ಆ ತೊಂದರೆ ಇಲ್ಲ. ಗಲ್ಫಿನಿಂದಲೋ ಅಮೆರಿಕದಿಂದಲೋ ನೆಂಟರು ತಂದುಕೊಟ್ಟದ್ದಾದರೆ ಹಿಂಬದಿಯ ವೋಲ್ಟೇಜ್ ಓದದೆ ಪ್ಲಗ್ ಹಾಕಬೇಡಿ. 120 ಎಂದಷ್ಟೇ ಇದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಈಗ ಗುಂಯ್ ಸದ್ದಿನ ವಿಷಯ. ‘ಆಂಪ್ ಹಾಳು’ ಎಂದು ವಾಪಸ್ ಒಯ್ಯುವ ಬಹುಪಾಲು ಆಂಪುಗಳಲ್ಲಿ ದೋಷವೇ ಇರುವುದಿಲ್ಲ. ಹೀಗೆ ಒಂದೊಂದಾಗಿ ನೋಡಿ. ಮೊದಲು ಗಿಟಾರ್ ಕೇಬಲನ್ನು ಆಂಪಿನಿಂದ ಪೂರ್ತಿ ತೆಗೆಯಿರಿ. ಸದ್ದು ನಿಂತಿತೇ? ಹಾಗಾದರೆ ಆಂಪ್ ಸರಿ ಉಂಟು. ಕೇಬಲ್ ಹಾಕಿ ಗಿಟಾರಿನ ವಾಲ್ಯೂಮ್ ಸೊನ್ನೆ ಮಾಡಿ. ಆಗಲೂ ಸದ್ದಿದ್ದರೆ ಕೇಬಲೋ ಜ್ಯಾಕೋ ಕೆಟ್ಟಿದೆ. ಗಿಟಾರಿನ ವಾಲ್ಯೂಮ್ ಏರಿಸಿದಾಗ ಮಾತ್ರ ಬಂದರೆ ಅದು ಪಿಕ್‌ಅಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ, ತಂತಿಗಳ ಕೆಳಗಿನ ಅಯಸ್ಕಾಂತದ ಸುರುಳಿ) ಹಿಡಿಯುತ್ತಿರುವ ಸದ್ದು. ಸಿಂಗಲ್ ಕಾಯಿಲ್ ಪಿಕ್‌ಅಪ್ ಆದರೆ ಕೂತಲ್ಲೇ ನಿಧಾನ ಸುತ್ತು ತಿರುಗಿ, ಒಂದು ದಿಕ್ಕಿನಲ್ಲಿ ಸದ್ದು ಗಣನೀಯವಾಗಿ ಇಳಿಯುತ್ತದೆ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಡಿಮ್ಮರ್, ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಇವನ್ನು ಒಂದೊಂದೇ ಆಫ್ ಮಾಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಟ್ರಾನ್ಸ್‌ಫಾರ್ಮರ್ ಆಂಪ್ ಹಾಕಿದರೆ ಗರಗರ ತಪ್ಪಿದ್ದಲ್ಲ. ಅದಕ್ಕೆ ಪ್ಯೂರ್ ಸೈನ್ ವೇವ್ ಇನ್ವರ್ಟರೇ ಆಗಬೇಕು.

ತಂತಿ ಮುಟ್ಟಿದಾಗ ಸದ್ದು ಕಡಿಮೆಯಾದರೆ ಗಿಟಾರಿನ ಗ್ರೌಂಡ್ ವಯರಿಂಗ್ ಸರಿ ಉಂಟು, ಹೆದರಬೇಕಾಗಿಲ್ಲ. ಮುಟ್ಟಿದಾಗ ಬೆರಳಿಗೆ ಜುಮ್ಮೆಂದರೆ ಮಾತ್ರ ತಕ್ಷಣ ನಿಲ್ಲಿಸಬೇಕು. ಗಿಟಾರಿನ ಲೋಹದ ತಂತಿಗಳು ಕೇಬಲಿನ ಲೋಹದ ಹೊರಕವಚದ ಮೂಲಕ ಆಂಪಿನ ಚಾಸಿಗೆ (ಒಳಗಿನ ಲೋಹದ ಚೌಕಟ್ಟು), ಅಲ್ಲಿಂದ ಪ್ಲಗ್ಗಿನ ದೊಡ್ಡ ಪಿನ್ನಿಗೆ ಸೇರಿರುತ್ತವೆ. ಆ ಪಿನ್ನಿನ ಆಚೆ ಅರ್ತ್ ಇಲ್ಲದಿದ್ದರೆ ಸೋರಿಕೆಗೆ ಉಳಿಯುವ ದಾರಿ ಬಾರಿಸುವವರ ಮೈ. ನಮ್ಮಲ್ಲಿ ಇದು ಬೇಸಿಗೆಯ ಕಾಯಿಲೆ. ಮುರಕಲ್ಲಿನ ನೆಲ ಒಣಗಿದರೆ ವಿದ್ಯುತ್ತನ್ನು ಸುಲಭದಲ್ಲಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಸರಿಯಿದ್ದ ಅರ್ತ್ ಮಾರ್ಚಿನಲ್ಲಿ ಹೆಸರಿಗಷ್ಟೇ ಉಳಿಯುತ್ತದೆ. ಇಲೆಕ್ಟ್ರಿಷಿಯನ್ ಬಂದಾಗ ಮಲ್ಟಿಮೀಟರಿನಲ್ಲಿ ಅಳೆಸಿ: ಫೇಸಿನಿಂದ ನ್ಯೂಟ್ರಲಿಗೆ 230ರ ಆಸುಪಾಸು, ಫೇಸಿನಿಂದ ಅರ್ತಿಗೆ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲಿನಿಂದ ಅರ್ತಿಗೆ ಎರಡು ಮೂರು ವೋಲ್ಟಿನೊಳಗೆ ಇರಬೇಕು. ಫೇಸಿನಿಂದ ಅರ್ತಿಗೆ ತೊಂಬತ್ತೋ ನೂರೋ ಎಂದು ಓಲಾಡುತ್ತಿದ್ದರೆ ಅರ್ತ್ ತಂತಿ ಎಲ್ಲೋ ತುಂಡಾಗಿದೆ. ಅಂಗಳದ ಅರ್ತ್ ಗುಂಡಿಯಲ್ಲಿ ಎರಡೂವರೆ ಮೀಟರಿನ ಪೈಪು, ಸುತ್ತ ಇದ್ದಿಲು ಮತ್ತು ಉಪ್ಪು ಇರುತ್ತದೆ. ಫೆಬ್ರವರಿಯಿಂದ ಮಳೆ ಹಿಡಿಯುವ ತನಕ ಅದಕ್ಕೆ ಆಗಾಗ ನೀರು ಹೊಯ್ಯಬೇಕು. ಮನೆಯ ಮೇನಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಸೋರಿಕೆ ಕಂಡ ಕೂಡಲೇ ಕರೆಂಟ್ ಕಡಿಯುವ ಸ್ವಿಚ್) ಇರಲಿ. ಗುಂಯ್ ಸದ್ದು ನಿಲ್ಲುತ್ತದೆಂದು ಪ್ಲಗ್ಗಿನ ಅರ್ತ್ ಪಿನ್ನನ್ನು ಮುರಿದು ಹಾಕುವ ಉಪಾಯ ಕೆಲವರು ಹೇಳಿಕೊಡುತ್ತಾರೆ. ದಯವಿಟ್ಟು ಮಾಡಬೇಡಿ, ಜೀವ ಹೋಗುತ್ತದೆ. ಆಂಪ್ ಒಂದು ಲೈನಿನಲ್ಲಿ, ಹಾಡುವ ಮೈಕ್ ಜನರೇಟರಿನಲ್ಲಿ ಇರುವ ವೇದಿಕೆಗಳಲ್ಲಿ ತುಟಿ ಮೈಕಿಗೆ ತಾಗಿದಾಗ ಹೊಡೆಯುವ ಶಾಕಿನ ಮೂಲವೂ ಈ ಅರ್ತೇ.

ರಾತ್ರಿ ಹೊತ್ತು ಬಾರಿಸುವವರಿಗೆ ಹೆಡ್‌ಫೋನ್. ವಾಕ್ಸ್ ಆಂಪ್‌ಪ್ಲಗ್ ನೇರ ಗಿಟಾರಿನ ಜ್ಯಾಕಿಗೆ ಸಿಕ್ಕಿಸುವಂಥದ್ದು, ಎರಡು ಎಎಎ ಸೆಲ್ ಸಾಕು. ಲ್ಯಾಪ್‌ಟಾಪ್ ಇದ್ದರೆ ಒಂದು ಆಡಿಯೋ ಇಂಟರ್‌ಫೇಸ್ (ಗಿಟಾರನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆ) ಕೊಂಡು, ಆಂಪಿನ ಸದ್ದನ್ನು ಅನುಕರಿಸುವ, ಉಚಿತವಾಗಿ ಸಿಗುವ ನ್ಯೂರಲ್ ಆಂಪ್ ಮಾಡೆಲರ್ ಸಾಫ್ಟ್‌ವೇರ್ ಹಾಕಿಕೊಳ್ಳಬಹುದು. ಇಂಟರ್‌ಫೇಸಿನಲ್ಲಿ ‘ಇನ್ಸ್ಟ್ರುಮೆಂಟ್’ ಎಂಬ ಸ್ವಿಚ್ ಒತ್ತಲೇಬೇಕು. ಗಿಟಾರ್ ಪಿಕ್‌ಅಪ್ಪಿಗೆ ಸುಮಾರು 1 ಮೆಗಾಓಮ್ ಇನ್‌ಪುಟ್ ಬೇಕು, ಲೈನ್ ಇನ್‌ಪುಟ್ಟಿಗೆ ಹಾಕಿದರೆ ಸ್ವರದ ಹೊಳಪು ಸತ್ತುಹೋಗುತ್ತದೆ. ಬಫರ್ (ಕಂಪ್ಯೂಟರ್ ಒಮ್ಮೆಗೆ ಕೈಗೆತ್ತಿಕೊಳ್ಳುವ ಸದ್ದಿನ ತುಣುಕು) 128 ಸ್ಯಾಂಪಲಿಗೆ ಇಟ್ಟು, ಹೋಗಿ ಬರುವ ವಿಳಂಬ 10 ಮಿಲಿಸೆಕೆಂಡಿನ ಒಳಗಿದ್ದರೆ ಸಾಕು. ಆಂಪಿನಿಂದ ಮೂರೂವರೆ ಮೀಟರ್ ದೂರ ನಿಂತರೆ ಗಾಳಿಯಲ್ಲೇ ಅಷ್ಟು ವಿಳಂಬ ಆಗುತ್ತದೆ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಆಗುವುದಿಲ್ಲ, ಬೆರಳು ಒಂದು ಕಡೆ, ಸ್ವರ ಇನ್ನೊಂದು ಕಡೆ.

ಭಜನಾ ಮಂದಿರದಲ್ಲೋ ಇಗರ್ಜಿಯಲ್ಲೋ ಇರುವ ಮೈಕ್ ಸೆಟ್ಟಿನ ಅಹುಜಾ ಆಂಪಿಗೆ ಗಿಟಾರ್ ಹಾಕಬಹುದೇ ಎಂದು ಕೇಳುವವರಿದ್ದಾರೆ. ಸೆಲ್ ಹಾಕುವ ಪ್ರೀಆಂಪ್ ಇರುವ ಅಕೂಸ್ಟಿಕ್ ಗಿಟಾರ್ ಆದರೆ ಹಾಕಬಹುದು, ಚೆನ್ನಾಗಿಯೇ ಕೇಳಿಸುತ್ತದೆ. ಎಲೆಕ್ಟ್ರಿಕ್ ಗಿಟಾರ್ ನೇರ ಹಾಕಿದರೆ ಆಗುವುದಿಲ್ಲ. ಗಿಟಾರ್ ಸ್ಪೀಕರುಗಳು 5 ಕಿಲೋಹರ್ಟ್ಸ್ ದಾಟಿದ ಮೇಲಿನ ಸದ್ದನ್ನು ತಾವಾಗಿ ಕಡಿದುಹಾಕುತ್ತವೆ, ಮೈಕಿನ ಸ್ಪೀಕರುಗಳು ಕಡಿಯುವುದಿಲ್ಲ. ಡಿಸ್ಟಾರ್ಶನ್ (ಸ್ವರವನ್ನು ಬೇಕೆಂದೇ ಒಡೆಯುವ ರಾಕ್ ಸದ್ದು) ಹಾಕಿದಾಗ ಕಬ್ಬಿಣದ ಬಾಣಲೆಗೆ ಮರಳು ಸುರಿದ ಹಾಗೆ ಕೇಳುವುದು ಅದಕ್ಕೇ. ಅಕೂಸ್ಟಿಕ್ ಗಿಟಾರಿನವರು ನೆನಪಿಡಬೇಕಾದದ್ದು: ಬಾರಿಸಿ ಆದ ಮೇಲೆ ಕೇಬಲ್ ತೆಗೆದಿಡಿ. ಜ್ಯಾಕ್ ಒಳಗಿದ್ದರೆ ಪ್ರೀಆಂಪ್ ಆನ್ ಆಗಿಯೇ ಇರುತ್ತದೆ, 9 ವೋಲ್ಟಿನ ಸೆಲ್ ಬರಿದಾಗುತ್ತದೆ.

ಆಂಪ್ ಇಡುವ ಜಾಗದ ಬಗ್ಗೆಯೂ ಒಂದೆರಡು ಮಾತು. ಟೈಲ್ಸ್ ಹಾಸಿದ, ಬರಿಗೋಡೆಯ ಚಾವಡಿಯ ಮೂಲೆಯಲ್ಲಿ ನೆಲದ ಮೇಲಿಟ್ಟರೆ ಬಾಸ್ ಉಬ್ಬುತ್ತದೆ, ಟ್ರೆಬಲ್ ಮೊಣಕಾಲಿಗೆ ತಾಗಿ ಹೋಗುತ್ತದೆ. ಕುರ್ಚಿಯ ಮೇಲೆ, ಗೋಡೆಯಿಂದ ಒಂದಡಿ ಈಚೆ ಇಟ್ಟು ಸ್ಪೀಕರನ್ನು ಕಿವಿಯತ್ತ ಸ್ವಲ್ಪ ಮೇಲಕ್ಕೆ ವಾಲಿಸಿ, ಕೆಳಗೆ ಒಂದು ಚಾಪೆ ಹಾಸಿ. ಗಿಟಾರ್ ಕೇಬಲ್ 3 ಮೀಟರ್ ಸಾಕು, ಉದ್ದ ಹೆಚ್ಚಿದಷ್ಟೂ ಟ್ರೆಬಲ್ ಸೋರುತ್ತದೆ.

ಹಳೆಯ ಆಂಪ್ ಕೊಳ್ಳುವವರು ಮಂಗಳೂರಿಗೋ ಕಣ್ಣೂರಿಗೋ ಹೋಗುವಾಗ ತಮ್ಮ ಗಿಟಾರ್, ಕೇಬಲ್ ಒಯ್ಯಬೇಕು. ಕರಾವಳಿಯ ಆಂಪಿನ ಶತ್ರು ಉಪ್ಪುಗಾಳಿ ಮತ್ತು ಆಟಿಯ (ಮಳೆಗಾಲದ ತುಳು ತಿಂಗಳು) ತೇವ. ಎಲ್ಲ ನಾಬುಗಳನ್ನು ಒಂದೊಂದಾಗಿ ತಿರುಗಿಸಿ. ಚರಪರ ಎಂದರೆ ಕಾಂಟ್ಯಾಕ್ಟ್ ಕ್ಲೀನರಿನಲ್ಲಿ ಹೋಗುತ್ತದೆ, ಅದೊಂದೇ ಕಾರಣಕ್ಕೆ ಬಿಡಬೇಡಿ, ಬೆಲೆ ಇಳಿಸಲು ಹೇಳಿ. ಜ್ಯಾಕನ್ನು ಸಿಕ್ಕಿಸಿ ಮೆಲ್ಲ ಅಲ್ಲಾಡಿಸಿ, ಸದ್ದು ತುಂಡಾದರೆ ಬೆಸುಗೆ ಬಿಟ್ಟಿದೆ, ಅದೂ ಸಣ್ಣ ಖರ್ಚು. ಹೆಡ್‌ಫೋನ್ ಸಿಕ್ಕಿಸಿ ಎರಡೂ ಕಿವಿಗೆ ಬರುತ್ತದೆಯೇ, ತೆಗೆದಾಗ ಸ್ಪೀಕರ್ ಮತ್ತೆ ಮಾತಾಡುತ್ತದೆಯೇ ನೋಡಿ. ಆಮೇಲೆ ಆರನೇ ತಂತಿಯನ್ನು ಖಾಲಿ ಬಿಟ್ಟು ಶುರುಮಾಡಿ ಒಂದೊಂದೇ ಫ್ರೆಟ್ ಏರುತ್ತಾ ಐದರ ತನಕ ನಿಧಾನ ಬಾರಿಸಿ. ಯಾವುದೋ ಒಂದೇ ಸ್ವರಕ್ಕೆ ಮಾತ್ರ ಝರ್ರೆಂದರೆ ಪೆಟ್ಟಿಗೆಯ ಸ್ಕ್ರೂ ಸಡಿಲ, ಬಿಗಿದರೆ ಮುಗಿಯಿತು. ಎಲ್ಲ ಸ್ವರಕ್ಕೂ ಕೆರೆದ ಹಾಗೆ ಕೇಳಿದರೆ ಸ್ಪೀಕರಿನ ಕಾಗದದ ಕೋನ್ ಹರಿದಿದೆ ಇಲ್ಲವೇ ಕಾಯಿಲ್ ಮ್ಯಾಗ್ನೆಟ್ಟಿಗೆ ಉಜ್ಜುತ್ತಿದೆ. ಬದಲಿ ಸ್ಪೀಕರಿನ ಬೆಲೆಯನ್ನು ಅಲ್ಲೇ ಕೇಳಿ, ಹೇಳಿದ ರೇಟಿನಿಂದ ಕಳೆದು ಮಾತಾಡಿ.