ಮ್ಯಾಂಚೆಸ್ಟರಿನಲ್ಲಿ ‘ದಿ ಸ್ಮಿತ್ಸ್’ ಜಾಡು: ಶನಿವಾರವೇ ಏಕೆ, ಟ್ರಾಮ್ ಹೇಗೆ

ಮ್ಯಾಂಚೆಸ್ಟರಿನ ರಾಕ್ ಬ್ಯಾಂಡ್ ದಿ ಸ್ಮಿತ್ಸ್‌ನ ಆಯುಷ್ಯ ಐದೇ ವರ್ಷ, 1982ರಿಂದ 1987. ನಾಲ್ಕು ಸ್ಟುಡಿಯೊ ಆಲ್ಬಂ ಬಂದವು. ನಾಲ್ಕೂ ಬ್ರಿಟನ್ನಿನ ಆಲ್ಬಂ ಮಾರಾಟದ ಪಟ್ಟಿಯಲ್ಲಿ ಮೊದಲ ಎರಡು ಸ್ಥಾನಗಳೊಳಗೇ ಇದ್ದವು. ಅಷ್ಟು ಹೆಸರು ಮಾಡಿದವರ ಊರಿನಲ್ಲಿ ದೊಡ್ಡ ಮ್ಯೂಸಿಯಂ ಇರಬಹುದೆಂದುಕೊಂಡು ಹೋದರೆ ನಿರಾಸೆ ಖಂಡಿತ. ನೋಡಲು ಸಿಗುವುದು ಒಂದು ಯುವಕರ ಕ್ಲಬ್, ಒಂದು ಕಬ್ಬಿಣದ ಕಾಲ್ಸೇತುವೆ, ಒಂದು ಸ್ಮಶಾನ, ಮತ್ತೆ ಒಂದಷ್ಟು ಗೋಡೆ. ಹೆಚ್ಚಿನವನ್ನು ಹೊರಗಿನಿಂದಲೇ ನೋಡಬೇಕು. ಒಳಗೆ ಬಿಡುವ ಮುಖ್ಯ ಜಾಗ ಸಾಲ್ಫರ್ಡ್ ಲ್ಯಾಡ್ಸ್ ಕ್ಲಬ್. ಅದು ಪ್ರವಾಸಿಗರಿಗೆ ಸಾಮಾನ್ಯವಾಗಿ ತೆರೆಯುವುದು ಶನಿವಾರ, ಅದೂ ಕೆಲವೇ ಗಂಟೆ. ಹಾಗಾಗಿ ಇಡೀ ದಿನವನ್ನು ಅದರ ಸುತ್ತಲೇ ಹೆಣೆಯಬೇಕು. ಹೊರಡುವ ವಾರ ಕ್ಲಬ್ಬಿನ ಜಾಲತಾಣದಲ್ಲಿ ಸಮಯವನ್ನು ಮತ್ತೊಮ್ಮೆ ನೋಡಿಕೊಳ್ಳಿ.

ಶನಿವಾರಕ್ಕೆ ಒಂದು ತೊಡಕಿದೆ. ಓಲ್ಡ್ ಟ್ರಾಫರ್ಡಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಪಂದ್ಯವಿದ್ದರೆ ಆಚೆಗೆ ಹೋಗುವ ಟ್ರಾಮುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಿಮಗೆ ಬೇಕಾದ ಸ್ಟ್ರೆಟ್‌ಫರ್ಡ್ ಮತ್ತು ಎಕ್ಸ್‌ಚೇಂಜ್ ಕ್ವೇ ಎರಡೂ ಆ ಕಡೆಗೇ ಇವೆ. ಪಂದ್ಯದ ಪಟ್ಟಿ ನೋಡಿಯೇ ದಿನ ಗೊತ್ತುಮಾಡಿ. ಬೇರೆ ದಿನವೇ ಇಲ್ಲವೆಂದರೆ ಈ ಎರಡನ್ನೂ ಮಧ್ಯಾಹ್ನದೊಳಗೆ ಮುಗಿಸಿಬಿಡಿ.

ಮೆಟ್ರೊಲಿಂಕ್ ಟ್ರಾಮಿಗೆ ಟಿಕೆಟ್ ಕೊಳ್ಳುವ ಗೋಜಿಲ್ಲ. ನಿಲ್ದಾಣದ ಹಳದಿ ಯಂತ್ರಕ್ಕೆ ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ಮುಟ್ಟಿಸಿ ಹತ್ತಿ, ಇಳಿದ ಮೇಲೆ ಮತ್ತೆ ಮುಟ್ಟಿಸಿ. ದಿನಕ್ಕಿಷ್ಟೇ ಎಂಬ ಗರಿಷ್ಠ ಮಿತಿ ತಾನಾಗಿ ಅನ್ವಯವಾಗುತ್ತದೆ. ಎಡವಟ್ಟಾಗುವುದು ಎರಡು ಕಡೆ: ಇಳಿದಾಗ ಮುಟ್ಟಿಸಲು ಮರೆತರೆ ಹೆಚ್ಚು ಹಣ ಕಡಿತವಾಗುತ್ತದೆ, ಬೆಳಿಗ್ಗೆ ಕಾರ್ಡ್, ಸಂಜೆ ಅದೇ ಕಾರ್ಡನ್ನು ಹಾಕಿಕೊಂಡ ಫೋನ್ ಬಳಸಿದರೆ ಯಂತ್ರಕ್ಕೆ ಅವು ಇಬ್ಬರು ಪ್ರಯಾಣಿಕರಂತೆ ಕಾಣುತ್ತವೆ, ಮಿತಿಯ ಲಾಭ ತಪ್ಪುತ್ತದೆ. ಭಾರತದ ಕಾರ್ಡಾದರೆ ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಬಳಕೆ, ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಊರಿನಲ್ಲಿರುವಾಗಲೇ ಆನ್ ಮಾಡಿಕೊಳ್ಳಿ.

ಬೆಳಿಗ್ಗೆ ಮೊದಲು ಆಲ್ಟ್ರಿಂಚಮ್ ಮಾರ್ಗದ ಟ್ರಾಮಿನಲ್ಲಿ ಸ್ಟ್ರೆಟ್‌ಫರ್ಡಿಗೆ ಹೋಗಿ. ಅಲ್ಲಿಂದ ಕಿಂಗ್ಸ್ ರೋಡಿಗೆ ನಡೆದೇ ಹೋಗಬಹುದು. ಗಾಯಕ ಮಾರಿಸೀ ಬೆಳೆದ ಬೀದಿ ಇದು. ಹಳಿಗಳ ಮೇಲಿನ ಕಬ್ಬಿಣದ ಸೇತುವೆ ಮೊದಲ ಆಲ್ಬಂನ ಒಂದು ಹಾಡಿನಲ್ಲೇ ಬರುತ್ತದೆ. ಅಭಿಮಾನಿಗಳು ಅದರ ಮೈತುಂಬ ಗೀಚಿದ್ದಾರೆ. ಮಾರಿಸೀಯ ಹಳೆಯ ಮನೆಯಲ್ಲಿ ಈಗ ಬೇರೆಯವರ ಸಂಸಾರವಿದೆ. ಬಾಗಿಲು ತಟ್ಟುವುದು, ಕಿಟಕಿಯತ್ತ ಕ್ಯಾಮೆರಾ ಹಿಡಿಯುವುದು ಬೇಡ.

ವಾಪಸು ಬರುವಾಗ ಕಾರ್ನ್‌ಬ್ರೂಕಿನಲ್ಲಿ ಇಳಿಯಿರಿ. ಈ ನಿಲ್ದಾಣ ನೆನಪಿರಲಿ, ಇವತ್ತಿನ ಎಲ್ಲ ಮಾರ್ಗಗಳೂ ಇಲ್ಲಿ ಸೇರುತ್ತವೆ. ಎಕ್ಲ್ಸ್ ಕಡೆಯ ಟ್ರಾಮ್ ಹಿಡಿದು ಎಕ್ಸ್‌ಚೇಂಜ್ ಕ್ವೇನಲ್ಲಿ ಇಳಿದರೆ ಆರ್ಡ್‌ಸಾಲ್‌ನ ಲ್ಯಾಡ್ಸ್ ಕ್ಲಬ್ಬಿಗೆ ಹತ್ತು-ಹದಿನೈದು ನಿಮಿಷದ ನಡಿಗೆ. 1903ರಲ್ಲಿ ಹುಟ್ಟಿದ ಈ ಕ್ಲಬ್ಬನ್ನು 1904ರಲ್ಲಿ ವಿಧ್ಯುಕ್ತವಾಗಿ ಉದ್ಘಾಟಿಸಿದವರು ಬೇಡನ್-ಪೊವೆಲ್, ಸ್ಕೌಟ್ ಚಳವಳಿಯ ಅದೇ ಬೇಡನ್-ಪೊವೆಲ್. 1985ರ ಡಿಸೆಂಬರಿನಲ್ಲಿ ಸ್ಟೀಫನ್ ರೈಟ್ ಇದರ ಬಾಗಿಲ ಮುಂದೆ ಬ್ಯಾಂಡಿನ ನಾಲ್ವರನ್ನು ನಿಲ್ಲಿಸಿ ತೆಗೆದ ಫೋಟೊ, 1986ರ ‘ದಿ ಕ್ವೀನ್ ಈಸ್ ಡೆಡ್’ ಆಲ್ಬಂನ ಒಳಹೊದಿಕೆಗೆ ಬಂತು. ತಮಾಷೆಯೆಂದರೆ ಸಾಲ್ಫರ್ಡ್ ಬೇರೆಯೇ ನಗರ. ಮಾರಿಸೀ ಹ್ಯೂಮ್ ಮತ್ತು ಸ್ಟ್ರೆಟ್‌ಫರ್ಡಿನವರು, ಗಿಟಾರಿನ ಜಾನಿ ಮಾರ್ ಆರ್ಡ್ವಿಕ್ ಮತ್ತು ವಿದೆನ್‌ಶಾದವರು. ಬ್ಯಾಂಡಿನ ‘ಮನೆ’ ಎಂದು ಲೋಕ ಒಪ್ಪಿದ ಕಟ್ಟಡ ಅವರ ಊರಿನದಲ್ಲ.

ನಿಮ್ಮ ಫೋಟೊಗೆ ಎದುರು ಫುಟ್‌ಪಾತಿನವರೆಗೆ ಹಿಂದೆ ಸರಿಯಿರಿ, ಇಲ್ಲದಿದ್ದರೆ ಬಾಗಿಲ ಮೇಲೆ ಕಮಾನಾಗಿ ಬರೆದ ಹೆಸರು ಚೌಕಟ್ಟಿನಲ್ಲಿ ಕೂರುವುದಿಲ್ಲ. ಮೋಡ ಕವಿದ ದಿನವೇ ಒಳ್ಳೆಯದು, ಮೂಲ ಚಿತ್ರದ ಬೆಳಕೂ ಅಂಥದ್ದೇ. ಒಳಗಿನ ಸ್ಮಿತ್ಸ್ ಕೋಣೆಯ ಗೋಡೆಗಳನ್ನು ಅಭಿಮಾನಿಗಳ ಚೀಟಿ, ಚಿತ್ರಗಳು ಮುಚ್ಚಿಹಾಕಿವೆ. ಇದು ಇಂದಿಗೂ ಹುಡುಗ ಹುಡುಗಿಯರು ಆಡುವ ಜಾಗ. ಮಕ್ಕಳಿದ್ದಾಗ ಕ್ಯಾಮೆರಾ ಕೆಳಗಿರಲಿ. ದೇಣಿಗೆ ಪೆಟ್ಟಿಗೆಯನ್ನು ದಾಟಿ ಹೋಗಬೇಡಿ. 2024ರಲ್ಲಿ ಕ್ಲಬ್ ಮುಚ್ಚುವ ಹಂತಕ್ಕೆ ಬಂದು, 2,50,000 ಪೌಂಡಿನ ದೇಣಿಗೆಗೆ ಕರೆ ಕೊಟ್ಟು ಉಳಿದುಕೊಂಡಿತು. ಅದರಲ್ಲಿ 50,000 ಮಾರಿಸೀ ಕೊಟ್ಟದ್ದು.

ಮಧ್ಯಾಹ್ನ ಮತ್ತೆ ಕಾರ್ನ್‌ಬ್ರೂಕ್, ಅಲ್ಲಿಂದ ವಿಮಾನನಿಲ್ದಾಣದ ಮಾರ್ಗದಲ್ಲಿ ಬಾರ್ಲೊ ಮೂರ್ ರೋಡ್. ಹತ್ತಿರದಲ್ಲೇ ಸದರ್ನ್ ಸೆಮೆಟರಿ, ಸ್ಮಶಾನದ ಬಗೆಗಿನ ಅವರ ಹಾಡಿಗೆ ಮೂಲವಾದ ಜಾಗ. ಮ್ಯಾಂಚೆಸ್ಟರಿನ ಸಂಗೀತ ಕಂಪನಿ ಫ್ಯಾಕ್ಟರಿ ರೆಕಾರ್ಡ್ಸ್‌ನ ಟೋನಿ ವಿಲ್ಸನ್ ಸಮಾಧಿಯ ಕಪ್ಪು ಕಲ್ಲೂ ಇಲ್ಲೇ ಇದೆ. ವಿಪರೀತ ದೊಡ್ಡ ಜಾಗ, ನಕ್ಷೆ ಇಲ್ಲದೆ ಹುಡುಕಿದರೆ ಗಂಟೆ ಹೋಗುತ್ತದೆ. ಡಿಸೆಂಬರಿನಲ್ಲಿ ನಾಲ್ಕಕ್ಕೆಲ್ಲ ಕತ್ತಲು.

ಸಂಜೆಗೆ ನಗರ ಮಧ್ಯದ ವಿಟ್‌ವರ್ತ್ ಸ್ಟ್ರೀಟ್ ವೆಸ್ಟ್ ಸಾಕು. ಅಲ್ಲಿನ ರಿಟ್ಜ್ ಸಭಾಂಗಣದಲ್ಲಿ 1982ರ ಅಕ್ಟೋಬರ್ 4ರಂದು ಬ್ಯಾಂಡಿನ ಮೊದಲ ಪ್ರದರ್ಶನ. ಅಂದು ಬೇಸ್ ಗಿಟಾರ್ ನುಡಿಸಿದ್ದು ಮುಂದೆ ಬ್ಯಾಂಡಿನ ಬೇಸ್ ವಾದಕರಾದ ಆಂಡಿ ರೂರ್ಕ್ ಅಲ್ಲ, ಡೇಲ್ ಹಿಬರ್ಟ್. ಅದೇ ಬೀದಿಯ ಹಸಿಯೆಂಡಾ ನೈಟ್‌ಕ್ಲಬ್ ಇದ್ದಲ್ಲಿ ಈಗ ಅದೇ ಹೆಸರಿನ ಅಪಾರ್ಟ್‌ಮೆಂಟ್.

ಪಬ್ಬಿನಲ್ಲಿ ಮಾತಿಗಿಳಿಯುವವರಿಗೆ ಒಂದು ಸೂಚನೆ: ಮಾರ್ ಹೆಸರಿಗೆ ಮುಖ ಅರಳುವುದೇ ಹೆಚ್ಚು, ಮಾರಿಸೀ ಹೆಸರಿಗೆ ವಾದ ಹತ್ತಿಕೊಳ್ಳಬಹುದು. ಬ್ಯಾಂಡಿನ ಗಳಿಕೆಯಲ್ಲಿ ಮಾರಿಸೀ ಮತ್ತು ಮಾರ್ ತಲಾ 40 ಪ್ರತಿಶತ ಇಟ್ಟುಕೊಂಡು ಉಳಿದಿಬ್ಬರಿಗೆ ಹತ್ತತ್ತು ಕೊಡುತ್ತಿದ್ದರು. ಡ್ರಮ್ಮರ್ ಮೈಕ್ ಜಾಯ್ಸ್ ಕೋರ್ಟಿಗೆ ಹೋಗಿ 1996ರಲ್ಲಿ 25 ಪ್ರತಿಶತ ಗೆದ್ದರು. ಈಚಿನ ವರ್ಷಗಳಲ್ಲಿ ಬಲಪಂಥೀಯ ‘ಫಾರ್ ಬ್ರಿಟನ್’ ಪಕ್ಷಕ್ಕೆ ಮಾರಿಸೀ ತೋರಿದ ಬೆಂಬಲದಿಂದ ಹಳೆಯ ಅಭಿಮಾನಿಗಳೇ ಇಬ್ಭಾಗವಾಗಿದ್ದಾರೆ. ಬ್ಯಾಂಡ್ ಮತ್ತೆ ಸೇರುವ ಮಾತಂತೂ 2023ರಲ್ಲಿ ರೂರ್ಕ್ ತೀರಿಕೊಂಡ ಮೇಲೆ ಮುಗಿದ ಹಾಗೆಯೇ.

ಭಾನುವಾರವೂ ಉಳಿಯುವವರು ಪಿಕಡಿಲಿಯಿಂದ ರೈಲಿನಲ್ಲಿ ಹತ್ತು ನಿಮಿಷದ ಸ್ಟಾಕ್‌ಪೋರ್ಟಿಗೆ ಹೋಗಬಹುದು. ವಾಟರ್ಲೂ ರೋಡಿನ ಸ್ಟ್ರಾಬೆರಿ ಸ್ಟುಡಿಯೊದಲ್ಲಿ 1983ರಲ್ಲಿ ಮೊದಲ ಸಿಂಗಲ್ ಧ್ವನಿಮುದ್ರಣವಾಯಿತು. ಸ್ಟುಡಿಯೊ ಈಗಿಲ್ಲ, ಗೋಡೆಯ ಮೇಲೆ ಫಲಕವಿದೆ. ಅದೊಂದಕ್ಕೇ ಆದರೆ ಹೋಗುವ ಅಗತ್ಯವಿಲ್ಲ. ಜಾಯ್ ಡಿವಿಷನ್ ಎಂಬ ಬ್ಯಾಂಡ್ ಕೂಡ ನಿಮಗಿಷ್ಟವಾದರೆ ಹೋಗಿ, ಅವರ ಮೊದಲ ಆಲ್ಬಂ ರೆಕಾರ್ಡ್ ಆದದ್ದೂ ಅಲ್ಲೇ.