ಧೂಪದ ಹೊಗೆ ಮತ್ತು ಎಳೆ ಮಗುವಿನ ಎದೆ

ಹೊಸನಗರದ ಕಡೆ ನರ್ಸ್ ಆಗಿರುವ ನನಗೆ ಮಳೆಗಾಲದ ಬಾಣಂತಿ ಮನೆಗಳಲ್ಲಿ ಪದೇ ಪದೇ ಎದುರಾಗುವ ಪ್ರಶ್ನೆ ಇದು: "ಅಕ್ಕಾ, ಮಗುಗೆ ಎದೆ ಗೊರಗೊರ ಅಂತಿದೆ. ಧೂಪ ಹಾಕ್ಲಾ?"

ಬೇಡ ಅನ್ನುತ್ತೇನೆ. ಅಜ್ಜಿಗೆ ಬೇಜಾರಾಗುತ್ತದೆ. ಹಾಲುಮಡ್ಡಿ, ರಾಳಧೂಪ ನಮ್ಮ ಕಾಡಿನ ಮರಗಳದ್ದೇ ಅಂಟು. ತೊಗಟೆಗೆ ಗಾಯವಾದಾಗ ಹುಳ, ಬೂಷ್ಟು ಒಳಗೆ ಹೋಗದಂತೆ ಮರ ಅದನ್ನು ಸುರಿಸುತ್ತದೆ. ಅಂಥದ್ದು ಔಷಧಿಯೇ ಇರಬೇಕು ಅಂತ ಅನ್ನಿಸುವುದು ಸಹಜ ಅಲ್ವಾ?

ಅಂಟಿನಲ್ಲಿ ಗುಣವಿದೆ. ಮಧ್ಯಭಾರತದ ಒಣ ಕಾಡಿನ ಶಲ್ಲಕಿ ಮರದ ಅಂಟಿನಲ್ಲಿರುವ ಬಾಸ್ವೆಲಿಕ್ ಆಮ್ಲಗಳು ಉರಿಯೂತ ಹುಟ್ಟಿಸುವ ಒಂದು ಕಿಣ್ವವನ್ನು ತಡೆಯುತ್ತವೆ. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 40 ಅಸ್ತಮಾ ರೋಗಿಗಳಿಗೆ 300 ಮಿ.ಗ್ರಾಂನಂತೆ ದಿನಕ್ಕೆ ಮೂರು ಸಲ, ಆರು ವಾರ ಇದನ್ನು ಕೊಟ್ಟರು. ಸುಮಾರು 70% ಜನರಿಗೆ ಗುಣ ಕಂಡಿತು. ಆದರೆ ಅವರು ಅದನ್ನು ನುಂಗಿದ್ದು. ಅಧ್ಯಯನವೂ ಚಿಕ್ಕದು. ಅದನ್ನು ಹಿಡಿದುಕೊಂಡು ಮಗುವಿಗೆ ಹೊಗೆ ಹಾಕಲು ಬರುವುದಿಲ್ಲ.

ಕೆಂಡಕ್ಕೆ ಬಿದ್ದ ಅಂಟು ಸುಟ್ಟು ಮಸಿಯಾಗುತ್ತದೆ. 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ನಮ್ಮಲ್ಲಿ ಮಳೆಗೆ ಕಿಟಕಿ ಮುಚ್ಚಿರುತ್ತದೆ, ಬಟ್ಟೆ ಒಣಗಿಸುವ ಬೆಂಕಿ ಬೇರೆ. ಕಟ್ಟಿದ ಎದೆಗೆ ಅದು ಇನ್ನೂ ಕಷ್ಟ.

"ಮತ್ತೆ ಹೊಗೆ ಹಾಕಿದ ಮೇಲೆ ಮಗು ಚೆನ್ನಾಗಿ ಮಲಗುತ್ತಲ್ಲ?" ಅಂತ ಅಜ್ಜಿಯರು ಕೇಳುತ್ತಾರೆ. ಮಲಗುತ್ತದೆ. ಅದಕ್ಕೂ ಮೊದಲು ಎಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಹೊಯ್ದಿರುತ್ತಾರೆ. ಬಚ್ಚಲಿನ ಹಬೆಗೆ ಮೂಗು ಬಿಡುತ್ತದೆ, ಮೈ ಹಗುರಾಗುತ್ತದೆ, ಹಾಲು ಕುಡಿಯುತ್ತದೆ. ಹೆಸರು ಮಾತ್ರ ಧೂಪಕ್ಕೆ. ನನ್ನ ಮಟ್ಟಿಗೆ ಆ ನಿದ್ದೆ ಅಜ್ಜಿಯ ಕೈಗುಣವೇ, ಅದನ್ನು ಅವರಿಗೆ ಹೇಳಿಯೂ ಹೇಳುತ್ತೇನೆ.

ದೊಡ್ಡವರು ಬಿಸಿನೀರಿಗೆ ಟಿಂಕ್ಚರ್ ಬೆಂಜಾಯಿನ್ ಹಾಕಿ ಹಬೆ ತಗೊಳ್ಳುತ್ತಾರೆ. ಅದೂ ಲೋಬಾನ ಅನ್ನುವ ಮರದಂಟಿನದ್ದೇ. ಸ್ವಲ್ಪ ಹಾಯ್ ಅನ್ನಿಸಬಹುದು. ಮಕ್ಕಳ ಹತ್ತಿರ ಆ ಪಾತ್ರೆ ಇಡಲೇಬೇಡಿ, ಸುಟ್ಟ ಗಾಯ ಆಗುತ್ತದೆ.

ಧೂಪ ದೇವರ ಮುಂದೆ ಇರಲಿ, ಮಗು ಬೇರೆ ಕೋಣೆಯಲ್ಲಿರಲಿ. ಮೂಗು ಕಟ್ಟಿದ್ದರೆ ಹಾಲು ಕೊಡುವ ಮೊದಲು ಮೆಡಿಕಲ್‌ನಲ್ಲಿ ಸಿಗುವ ಸಲೈನ್ ಡ್ರಾಪ್ಸ್ ಸಾಕು.

ಶಾಂತವಾಗಿರುವಾಗ ಮಗುವಿನ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಮಗುವಿಗೆ 60 ಅಥವಾ ಅದಕ್ಕಿಂತ ಜಾಸ್ತಿ, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ 50 ಅಥವಾ ಜಾಸ್ತಿ ಇದ್ದರೆ, ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬಿದ್ದರೆ, ಅಥವಾ ಹಾಲು ಬಿಟ್ಟರೆ, ಬಸ್ಸು ಕಾಯಬೇಡಿ. 108ಕ್ಕೆ ಫೋನ್ ಮಾಡಿ.